ಕೈಯಲ್ಲೇ ಉಳಿದ ಆಶೀರ್ವಾದ

8 ನವೆಂಬರ್ 2014, ಶನಿವಾರ
ರೆಡ್ಮಂಡ್, ವಾಷಿಂಗ್ಟನ್

ಮನೆಗೆ ಬಂದಾಗ ಏಳೂಮುಕ್ಕಾಲು. ಸಂಜೆ ಐದಕ್ಕೆ ಮುಂಚೆಯೇ ಕತ್ತಲಾಗುವ ಕಾಲ ಇದು, ಮಳೆ ಬೇರೆ. ಜಾಕೆಟ್ ಒದ್ದೆ, ಬ್ಯಾಗ್ ಒದ್ದೆ. ಒಳಗಿದ್ದ, ಆಟದ 109 ಎಲೆಗಳ (ಕಾರ್ಡುಗಳ) ಡಬ್ಬಿಗೆ ಮಾತ್ರ ಒಂದು ಹನಿ ತಾಗಿಲ್ಲ. ಎರಡು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಹೋಗಿದ್ದೆ. ಇವರು ಕಾರಿನಲ್ಲಿ ಬಿಡ್ತೀನಿ ಅಂದರು, ನಾನೇ ಬೇಡ ಅಂದೆ. ಮೊದಲ ಸಲ ಒಬ್ಬಳೇ ಹೋಗಬೇಕು ಅಂತ ಇತ್ತು. ಹೋಗಿ, ಗುರುತಿಲ್ಲದ ಮೂವರ ಜೊತೆ ಮೂರು ಗಂಟೆ ಕೂತು ಆಡಿ ಬಂದೆ.

ಆಟದ ಹೆಸರು ಪಾತ್‌ಫೈಂಡರ್ ಅಡ್ವೆಂಚರ್ ಕಾರ್ಡ್ ಗೇಮ್. ಮೈಕ್ ಸೆಲಿಂಕರ್ ಅವರ ತಂಡ ಕಟ್ಟಿದ ಆಟ, ಬಂದದ್ದು ಹೋದ ವರ್ಷ, 2013ರಲ್ಲಿ. ಅದನ್ನು ಹೊರತರುವ ಪೈಜೊ ಕಂಪನಿ ಇರುವುದು ನಮ್ಮ ಈ ರೆಡ್ಮಂಡ್‌ನಲ್ಲೇ. ಮೊದಲ ಪೆಟ್ಟಿಗೆಯನ್ನು ಮನೆಯಲ್ಲಿ ನಾವಿಬ್ಬರೇ ಎಷ್ಟೋ ರಾತ್ರಿ ಆಡಿದ್ದೇವೆ. ಇಲ್ಲಿ ಯಾರೂ ಯಾರಿಗೂ ಎದುರಾಳಿಯಲ್ಲ, ಎಲ್ಲರೂ ಒಂದೇ ಪಕ್ಷ. ತಿಪಟೂರಿನಲ್ಲಿ ಅಜ್ಜಿ ಜೊತೆ ಚೌಕಾಬಾರ ಆಡಿ ಬೆಳೆದವಳು ನಾನು. ಅಲ್ಲಿ ಒಬ್ಬರ ಕಾಯಿ ಹೊಡೆಯದೆ ಒಳಮನೆಗೆ ಹೋಗುವ ಹಾಗೇ ಇಲ್ಲ. ಇಲ್ಲಿ ಹೊಡೆಯೋಕೆ ಯಾರೂ ಇಲ್ಲ ಅಂದಾಗ ಮೊದಮೊದಲು ಕೈಗೆ ಏನೋ ಕೆಲಸ ಕಡಿಮೆಯಾದ ಹಾಗಿತ್ತು.

ಅಂಗಡಿಗಳಲ್ಲಿ ಇದನ್ನು ಹೊರಗಿನವರ ಜೊತೆ ಆಡೋಕೆ ಒಂದು ಏರ್ಪಾಡಿದೆ. ಅಡ್ವೆಂಚರ್ ಕಾರ್ಡ್ ಗಿಲ್ಡ್ ಅಂತ, ಈ ವರ್ಷವೇ ಶುರುವಾಗಿದೆ. ಮೊದಲ ಕಥೆಯ ಹೆಸರು ಸೀಸನ್ ಆಫ್ ದಿ ಶ್ಯಾಕಲ್ಸ್. ಅದಕ್ಕೆ ಕಡಲುಗಳ್ಳರ ಪೆಟ್ಟಿಗೆ ಬೇಕು, ಸ್ಕಲ್ ಅಂಡ್ ಶ್ಯಾಕಲ್ಸ್. ದೊಡ್ಡ ಪೆಟ್ಟಿಗೆ ನಾವು ಹೊತ್ತುಕೊಂಡು ಹೋಗಬೇಕಾಗಿಲ್ಲ, ಆಟ ನಡೆಸಿಕೊಡುವವರ ಹತ್ತಿರ ಇರುತ್ತದೆ. ನಮ್ಮದು ಅಂತ ಬೇಕಾಗುವುದು ಒಂದು ಕ್ಲಾಸ್ ಡೆಕ್, ಅಂದರೆ ಒಂದು ಬಗೆಯ ಪಾತ್ರಗಳಿಗೆ ಬೇಕಾದ ಎಲೆಗಳ ಡಬ್ಬಿ, ಸುಮಾರು 20 ಡಾಲರ್. ನಾನು ತಗೊಂಡದ್ದು ಕ್ಲೆರಿಕ್, ಅಂದರೆ ದೇವರ ಸೇವೆಯವರು, ಗಾಯ ವಾಸಿ ಮಾಡುವವರು. ಅದರಲ್ಲಿ ನನ್ನ ಪಾತ್ರ ಕೈರಾ.

ಹೋಗುವ ಮೊದಲು ಪೈಜೊ ಸೈಟಿನಲ್ಲಿ ಹೆಸರು ಕೊಟ್ಟು ಒಂದು ನಂಬರ್ ತಗೊಂಡೆ. ಆ ನಂಬರಿನ ಮುಂದೆ ಪಾತ್ರಕ್ಕೊಂದು ನಂಬರ್, ಕಾರ್ಡ್ ಆಟದ ಪಾತ್ರಗಳಿಗೆ 1001ರಿಂದ ಶುರು. ನನ್ನ ಕೈರಾ 1001. ಆಮೇಲೆ ಊಟದ ಟೇಬಲ್ ಮೇಲೆ ಡಬ್ಬಿ ಸುರಿದುಕೊಂಡು ಕೂತೆ. ಬೇಸಿಕ್ ಅಂತ ಬರೆದಿರುವ ಎಲೆಗಳಲ್ಲಿ 15 ಆರಿಸಿಕೊಳ್ಳಬೇಕು. ಎಷ್ಟು ಆಯುಧ, ಎಷ್ಟು ಮಂತ್ರ, ಎಷ್ಟು ಆಶೀರ್ವಾದ ಅಂತ ಪಾತ್ರಕ್ಕೆ ತಕ್ಕಂತೆ ಮೊದಲೇ ಗೊತ್ತುಮಾಡಿರುತ್ತಾರೆ. ಆ ಹದಿನೈದೇ ನನ್ನ ಆಯಸ್ಸು. ಪೆಟ್ಟು ಬಿದ್ದರೆ ಕೈಯಲ್ಲಿರುವ ಎಲೆ ಬಿಸಾಕಬೇಕು, ಕಟ್ಟಿನಿಂದ ಎಲೆ ಎಳೆಯಬೇಕಾದ ಹೊತ್ತಿಗೆ ಎಲೆ ಇಲ್ಲ ಅಂದರೆ ಪಾತ್ರ ಸತ್ತ ಹಾಗೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಉದ್ದ ಟೇಬಲ್. ತಲೆ ಪೂರ್ತಿ ನರೆತ ಒಬ್ಬರು, ಅವರು ವಲೆರೋಸ್, ಕತ್ತಿ ಹಿಡಿದವರು. ಹೈಸ್ಕೂಲ್ ಹುಡುಗಿಯೊಬ್ಬಳು ಮೆರಿಸಿಯೆಲ್, ಕಳ್ಳಿಯ ಪಾತ್ರ. ಆಟ ನಡೆಸಿಕೊಡುವವರೇ ಮಂತ್ರವಾದಿ ಎಜ್ರೆನ್. ಒಬ್ಬರನ್ನೊಬ್ಬರು ಪಾತ್ರದ ಹೆಸರಿನಿಂದಲೇ ಕರೆಯುತ್ತಾರೆ. ನನ್ನ ಹೆಸರನ್ನು ಮೂರು ಮೂರು ಸಲ ಬಿಡಿಸಿ ಹೇಳುವ ಕೆಲಸ ತಪ್ಪಿತು. ಕೂತ ಎರಡನೇ ನಿಮಿಷಕ್ಕೆ ನಾನು ಕೈರಾ, ಅಷ್ಟೇ. ಎಷ್ಟು ಹಗುರ ಅನ್ನಿಸಿತು ಗೊತ್ತಾ!

ಈ ಆಟದ ಲೆಕ್ಕ ಹೀಗಿದೆ. ನಾಲ್ಕು ಜನಕ್ಕೆ ಆರು ಜಾಗ, ಒಂದೊಂದರಲ್ಲೂ ಹತ್ತು ಎಲೆ. ಒಟ್ಟು ಅರವತ್ತು. ಅದರಲ್ಲಿ ಎಲ್ಲೋ ಒಂದು ಕಡೆ ವಿಲನ್, ಉಳಿದ ಐದು ಜಾಗದಲ್ಲಿ ಅವನ ಚೇಲಾಗಳು. ಹೊತ್ತು ಮುಗಿಯುವುದರೊಳಗೆ ಜಾಗಗಳನ್ನು ಒಂದೊಂದಾಗಿ ಮುಚ್ಚಿ, ಅವನಿಗೆ ಓಡಿಹೋಗೋಕೆ ಎಲ್ಲೂ ಇಲ್ಲದ ಹಾಗೆ ಮಾಡಿ ಸೋಲಿಸಬೇಕು. ಗಡಿಯಾರ ಅಂದರೆ 30 ಎಲೆಗಳ ಇನ್ನೊಂದು ಕಟ್ಟು, ಸರದಿಗೆ ಒಂದು ಮಗುಚಬೇಕು. ಅಲ್ಲಿಗೆ ನಾಲ್ಕೂ ಜನಕ್ಕೆ ಸೇರಿ ಮೂವತ್ತೇ ಸರದಿ. ಸರದಿಗೆ ಒಂದೇ ಎಲೆ ತೆಗೆದು ನೋಡುತ್ತಾ ಹೋದರೆ ಅರ್ಧಕ್ಕೇ ಹೊತ್ತು ಮುಗಿಯುತ್ತದೆ. ಇನ್ನೊಂದು ಎಲೆ ನೋಡಬೇಕು ಅಂದರೆ ನಮ್ಮ ಕೈಯಿಂದ ಏನಾದರೂ ಕೊಡಬೇಕು. ಹೆಚ್ಚಾಗಿ ಕೊಡುವುದು ಆಶೀರ್ವಾದದ ಎಲೆ. ಹೊಡೆದಾಡೋಕೆ, ಜಾಗ ಮುಚ್ಚೋಕೆ ದಾಳ ಹಾಕಿ ಬೇಕಾದಷ್ಟು ಮೊತ್ತ ತರಬೇಕು. ಅದೇ ಆಶೀರ್ವಾದದ ಎಲೆಯನ್ನು ಬೇರೆಯವರ ದಾಳಕ್ಕೂ ಸೇರಿಸಿ ಮೊತ್ತ ಹೆಚ್ಚಿಸಬಹುದು, ಅವರು ಎಷ್ಟು ದೂರದ ಜಾಗದಲ್ಲಿದ್ದರೂ ಸರಿ. ಆದರೆ ದಾಳ ಉರುಳುವ ಮೊದಲೇ ಕೊಡಬೇಕು. ಬಿದ್ದ ಮೇಲೆ ಅಯ್ಯೋ ಅಂದರೆ ಬರಲ್ಲ.

ನಾನು ತಪ್ಪಿದ್ದು ಅಲ್ಲೇ. ವಲೆರೋಸ್ ಒಂದು ಚೇಲಾನನ್ನು ಹೊಡೆದು ಹಾಕಿದರು. ಆಮೇಲೆ ಆ ಜಾಗವನ್ನು ಮುಚ್ಚೋಕೆ ಒಂದು ದಾಳ ಹಾಕಬೇಕು. ಅವರು ದಾಳ ಕೈಗೆ ತಗೊಂಡು ಒಂದು ಸಲ ಎಲ್ಲರ ಮುಖ ನೋಡಿದರು. ನನ್ನ ಕೈಯಲ್ಲಿ ಎರಡು ಆಶೀರ್ವಾದ ಇತ್ತು. ಮುಂದಿನ ಸರದಿ ನನ್ನದೇ, ಇಟ್ಟುಕೊಳ್ಳೋಣ ಅಂತ ಸುಮ್ನೆ ಇದ್ದೆ. ದಾಳ ಬಿತ್ತು. ಒಂದೇ ಒಂದು ಕಡಿಮೆ.

ಹಾಗೆ ತಪ್ಪಿದರೆ ಆ ಜಾಗದ ಉಳಿದ ಎಲೆಗಳೆಲ್ಲ ಖಾಲಿಯಾಗುವವರೆಗೆ ಅದನ್ನು ಪೂರ್ತಿ ಮುಚ್ಚೋಕಾಗಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ನನ್ನ ಕೈಯಲ್ಲಿ ಏನಿದೆ ಅಂತಲೂ ಕೇಳಲಿಲ್ಲ. ಆದರೆ ನನಗೆ ಬಹಳ ಹೊತ್ತು ಮನಸ್ಸಿಗೆ ಸಮಾಧಾನ ಇರಲಿಲ್ಲ. ಮನೆಯಲ್ಲಿ ಇವರ ಜೊತೆ ಆಡುವಾಗ ಕೇಳುವ ಮೊದಲೇ ಕೊಟ್ಟುಬಿಡ್ತೀನಿ. ಗುರುತಿಲ್ಲದವರು ಅಂತ ಕೈ ಬಿಗಿ ಹಿಡಿದೆನಾ? ಹೌದು, ಹಾಗೇ ಆಯಿತು.

ನನ್ನ ಸರದಿ ಬಂದಾಗ ನೇರ ವಲೆರೋಸ್ ಇದ್ದ ಜಾಗಕ್ಕೇ ಹೋದೆ. ಅವರ ಕಟ್ಟಿನಲ್ಲಿ ಉಳಿದದ್ದು ಎರಡೇ ಎಲೆ, ಬಿಸಾಕಿದ್ದು ಒಂಬತ್ತು. ನನ್ನ ಹತ್ತಿರ ಕ್ಯೂರ್ ಅನ್ನುವ ಮಂತ್ರ ಇತ್ತು. ಅದು ಒಂದೇ ಜಾಗದಲ್ಲಿ ಇರುವವರಿಗೆ ಮಾತ್ರ ತಾಗುತ್ತದೆ. ನಾಲ್ಕು ಮುಖದ ದಾಳ ಹಾಕಿ, ಬಂದದ್ದಕ್ಕೆ ಒಂದು ಸೇರಿಸಿ, ಅಷ್ಟು ಎಲೆ ಅವರ ಕಟ್ಟಿಗೆ ವಾಪಸ್. ಮೂರು ಬಿತ್ತು. ಅವರು ಬಿಸಾಕಿದ ರಾಶಿಯನ್ನು ಬೋರಲು ಮಾಡಿ ಕಲೆಸಿ ನನ್ನ ಮುಂದೆ ಹಿಡಿದರು, ನೀನೇ ತೆಗಿ ಅಂತ. ನಾಲ್ಕು ಎಲೆ ಒಂದೊಂದಾಗಿ ಎಳೆದು ಅವರ ಕಟ್ಟಿಗೆ ಸೇರಿಸಿದೆ, ಅವರು ಕಟ್ಟನ್ನು ಕಲೆಸಿದರು. ಅವರ ಬೆರಳುಗಳು ಸ್ವಲ್ಪ ನಡುಗುತ್ತವೆ, ಎಲೆ ಕಲೆಸುವಾಗ ನಿಧಾನ. ಎಲ್ಲರೂ ಕಾದರು. ಆ ಟೇಬಲ್‌ನಲ್ಲಿ ಅವಸರ ಅನ್ನುವುದೇ ಇರಲಿಲ್ಲ.

ಕೊನೆಗೆ ಎರಡೇ ಜಾಗ ಉಳಿದಿತ್ತು. ಒಂದರಲ್ಲಿ ಎಜ್ರೆನ್, ಇನ್ನೊಂದರಲ್ಲಿ ನಾನು. ನಾನಿದ್ದದ್ದು ವಲೆರೋಸ್ ಮುಚ್ಚೋಕಾಗದ ಅದೇ ಜಾಗ. ಎಜ್ರೆನ್ ಎಲೆ ಮಗುಚಿದರು, ವಿಲನ್! ಅವನು ಸೋತರೂ ತೆರೆದಿರುವ ಇನ್ನೊಂದು ಜಾಗಕ್ಕೆ ಓಡಿಹೋಗುತ್ತಾನೆ. ನಾನು ನನ್ನ ಜಾಗವನ್ನು ಆ ಹೊತ್ತಿಗಾದರೂ ಮುಚ್ಚಿ ಹಿಡಿಯಬೇಕು. ಕೈಯಲ್ಲಿ ಒಂದೇ ಆಶೀರ್ವಾದ. ನನ್ನ ದಾಳಕ್ಕೆ ಹಾಕಿಕೊಳ್ಳಲಾ, ಎಜ್ರೆನ್‌ಗೆ ಇಡಲಾ ಅಂತ ನೋಡುತ್ತಿದ್ದೆ. ಅಷ್ಟರಲ್ಲಿ ಆ ಹುಡುಗಿ ತನ್ನದನ್ನು ನನ್ನ ಮುಂದೆ ಇಟ್ಟಳು. ನಾನು ಕೇಳಿರಲಿಲ್ಲ. ಮುಚ್ಚಿತು. ಆಮೇಲೆ ನನ್ನದು ಎಜ್ರೆನ್‌ಗೆ, ವಲೆರೋಸ್ ಅವರದ್ದೂ ಎಜ್ರೆನ್‌ಗೆ. ದಾಳಗಳು ಟೇಬಲ್ ಅಂಚಿನ ತನಕ ಉರುಳಿದವು. ಕೂಡಿ ನೋಡಿದರೆ ಬೇಕಾದದ್ದಕ್ಕಿಂತ ನಾಲ್ಕು ಜಾಸ್ತಿ. ಗಡಿಯಾರದಲ್ಲಿ ಮೂರು ಎಲೆ ಉಳಿದಿತ್ತು. ನಾನು ಎದ್ದು ನಿಂತುಬಿಟ್ಟಿದ್ದೆ.

ಮುಗಿದ ಮೇಲೆ ದೊಡ್ಡ ಪೆಟ್ಟಿಗೆಯಿಂದ ಸಿಕ್ಕ ಎಲೆಗಳನ್ನೆಲ್ಲ ವಾಪಸ್ ಕೊಡಬೇಕು. ಬದಲಿಗೆ ಅದೇ ಜಾತಿಯ, ಎಲೆಯ ಮೇಲೆ ಅಚ್ಚಾಗಿರುವ ಅದೇ ನಂಬರಿನ ಅಥವಾ ಅದಕ್ಕಿಂತ ಕಡಿಮೆ ನಂಬರಿನ ಒಂದು ಎಲೆಯನ್ನು ನಮ್ಮ ಸ್ವಂತ ಡಬ್ಬಿಯಿಂದ ತಗೊಳ್ಳಬಹುದು. ಈ ನಿಯಮ ನನಗೆ ತುಂಬಾ ಇಷ್ಟವಾಯಿತು. ಪೆಟ್ಟಿಗೆ ಯಾರದೇ ಆಗಿರಲಿ, ನನ್ನ ಕೈರಾ ಬೆಳೆಯುವುದು ನನ್ನ ಡಬ್ಬಿಯಲ್ಲೇ. ನಾಳೆ ಬೇರೆ ಊರಿಗೆ ಹೋದರೂ ಈ ಡಬ್ಬಿ ಮತ್ತು ಇವತ್ತಿನ ಆಟದ ಲೆಕ್ಕ ಬರೆದು ಸಹಿ ಹಾಕಿದ ಹಾಳೆ ಹಿಡಿದುಕೊಂಡು ಇನ್ನೊಂದು ಟೇಬಲ್‌ನಲ್ಲಿ ಇಲ್ಲಿಂದಲೇ ಮುಂದುವರಿಸಬಹುದು. ವೀಸಾ, ಮನೆ, ಊರು ಎಲ್ಲ ಬದಲಾಗುತ್ತಲೇ ಇರುವ ನಮ್ಮಂಥವರಿಗೆ ಅದು ಸಣ್ಣ ವಿಷಯ ಅಲ್ಲ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ, ಚಪಾತಿ ಲಟ್ಟಿಸುತ್ತಿದ್ದರು.

"ಏನೇ, ಇಸ್ಪೀಟ್ ಆಡೋಕೆ ಹೋಗಿದ್ಯಾ?"

"ಇಸ್ಪೀಟ್ ಅಲ್ಲಮ್ಮ, ದುಡ್ಡು ಕಟ್ಟೋದೆಲ್ಲ ಇಲ್ಲ. ನಾಲ್ಕು ಜನ ಸೇರಿ ಆಡೋದು."

"ಯಾರು ಗೆದ್ರು ಮತ್ತೆ?"

"ನಾವೇ."

"ನಾವೇ ಅಂದ್ರೆ ಯಾರೇ? ಅಳಿಯಂದಿರೂ ಬಂದಿದ್ರಾ?"

ಅವರಿಗೆ ಮೂರೂ ಜನರ ಬಗ್ಗೆ ಹೇಳುತ್ತಾ ಅರ್ಧ ಗಂಟೆ ಆಯಿತು. ವಲೆರೋಸ್ ಅವರ ಕೈ ನಡುಗುವ ವಿಷಯ ಕೇಳಿ, ಪಾಪ, ಮನೇಲಿ ಯಾರಿದ್ದಾರಂತೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಕೇಳಬೇಕು.

ಈಗ ಹನ್ನೊಂದು ಗಂಟೆ. ಇವತ್ತು ನನಗೆ ಸಿಕ್ಕಿದ್ದು 1 ನಂಬರಿನ ಒಂದು ಮಂತ್ರ. ಡಬ್ಬಿಯಲ್ಲಿರುವ 1ರ ಮಂತ್ರಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದೇನೆ. ಒಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಕ್ಯೂರ್ ಅಂತೂ ಹೋಗಲ್ಲ. ಮುಂದಿನ ಶನಿವಾರ ಹುಡುಗಿಗೆ ಪರೀಕ್ಷೆ ಇದೆಯಂತೆ, ನಾವು ಮೂವರೇ. ಐದು ಜಾಗ.