ಮೂಲೆಯ ಕಪ್ಪು

ನಸುಕಿನಲ್ಲಿ ವಿಜಯಪುರದ ಹೊರವಲಯದಿಂದ ಬೈಕ್ ಅಪಘಾತದ ಹುಡುಗ ಬಂದ. ಕೂರಲಾಗದು, ಮಲಗಿಸಿಯೇ ಎದೆಯ ಎಕ್ಸ್‌ರೇ.

ಅಭ್ಯಾಸಬಲ, ಶ್ವಾಸಕೋಶದ ಮೇಲ್ತುದಿಯನ್ನಷ್ಟೇ ನೋಡಿದೆ. ಚೊಕ್ಕಟ. 'ನಾರ್ಮಲ್' ಎಂದು ಬರೆಯಲು ಪೆನ್ನು ತೆಗೆದಿದ್ದೆ.

"ಕೆಳಗೆ ನೋಡಿರಿ ಡಾಕ್ಟರೇ" ಎಂದರು ಹಿರಿಯ ವೈದ್ಯರು.

ಎಡಗಡೆ ಪಕ್ಕೆಲುಬೂ ವಪೆಯೂ (ಎದೆ-ಹೊಟ್ಟೆಯ ನಡುವಿನ ಸ್ನಾಯು ಪರದೆ) ಕೂಡುವ ಮೂಲೆ. ಬಲಗಡೆಗಿಂತ ಆಳ, ಕಾಡಿಗೆಯಷ್ಟು ಕಪ್ಪು.

ಎಕ್ಸ್‌ರೇಯಲ್ಲಿ ಗಾಳಿ ಕಪ್ಪು. ಕುಳಿತವರಲ್ಲಿ ಶ್ವಾಸಕೋಶದಿಂದ ಎದೆಗೂಡಿಗೆ ಸೋರಿದ ಗಾಳಿ ತುದಿಗೇರುತ್ತದೆ. ಅಂಗಾತ ಮಲಗಿದವರಿಗೆ 'ಮೇಲೆ' ಎಂದರೆ ಎದೆಯ ಮುಂಭಾಗ, ವಪೆಯ ಹತ್ತಿರ. 1980ರಲ್ಲೇ ಬರೆದಿಟ್ಟ ಗುರುತು ಇದು. ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದೆ!

ಅಲ್ಟ್ರಾಸೌಂಡ್ ಇಟ್ಟರೆ ಆ ಕಡೆ, ಉಸಿರಾಡುವಾಗ ಎದೆಗೋಡೆಗೆ ತಾಗಿ ಕಾಣಬೇಕಾದ ಶ್ವಾಸಕೋಶದ ಜಾರಾಟವೇ ಇಲ್ಲ. ಗಾಳಿ ಹೊರಹೋಗಲು ಎದೆಗೆ ನಳಿಕೆ ಹಾಕಿದೆವು.

ಮಧ್ಯಾಹ್ನ ಅವನ ತಾಯಿ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನಗೂ ಕೊಟ್ಟರು. ಪೆನ್ನಿನ ವಿಷಯ ನಾನು ಎತ್ತಲಿಲ್ಲ.