ಡೋಸ್‌ಗೆ ಮುಂಚೆ ದೋಸೆ

ಮಗನಿಗೆ ಎಡಿಎಚ್‌ಡಿಗೆ (ಒಂದು ಕಡೆ ಗಮನ ನಿಲ್ಲದ, ಸುಮ್ನೆ ಕೂರೋಕಾಗದ ತೊಂದರೆ) ಮಾತ್ರೆ ಕೊಡ್ತಿದೀವಿ ಅಂತ ಗೊತ್ತಾದವರೆಲ್ಲ ಕೇಳೋದು ಒಂದೇ, "ಯಾವ್ದು ಕೊಡ್ತಿದೀರಾ, ಎಷ್ಟು ಎಂಜಿ?" ಎಷ್ಟು ಎಂಜಿ ಅಂತ ನಾನು ಹೇಳಲ್ಲ. ಮುಚ್ಚಿಡೋಕಲ್ಲ, ನಮ್ಮ ಹುಡುಗನ ಲೆಕ್ಕ ನಿಮ್ಮ ಮಗುಗೆ ಉಪಯೋಗಕ್ಕೇ ಬರಲ್ಲ, ಅದಕ್ಕೆ. ಜ್ವರದ ಸಿರಪ್ ಆದ್ರೆ ತೂಕ ನೋಡಿ ಇಷ್ಟು ಎಂಎಲ್ ಅನ್ನಬಹುದು, ನಮ್ಮ ಹುಡುಗ ನುಂಗೋ ಮಿಥೈಲ್‌ಫೆನಿಡೇಟ್ ಹಾಗಲ್ಲ, ಕಡ್ಡಿ ಥರ ಇರೋ ಮಗುಗೆ ಜಾಸ್ತಿ ಬೇಕಾಗಬಹುದು, ಗುಂಡಗಿರೋನಿಗೆ ಕಮ್ಮಿ ಸಾಕಾಗಬಹುದು. ಅದಕ್ಕೇ ಸಾಮಾನ್ಯವಾಗಿ 5 ಎಂಜಿಯಿಂದ ಶುರು ಮಾಡಿ, ವಾರ ವಾರ ನೋಡ್ಕೊಂಡು ಸ್ವಲ್ಪ ಸ್ವಲ್ಪ ಏರಿಸ್ತಾರೆ. ಏರಿಸೋದು ಡಾಕ್ಟ್ರು, ಆದ್ರೆ ಏರಿಸ್ಬೇಕೋ ಬೇಡ್ವೋ ಅಂತ ಅವರಿಗೆ ಗೊತ್ತಾಗ್ಬೇಕಾದ್ರೆ ನಾವು ಏನಾಯ್ತು ಅಂತ ಸರಿಯಾಗಿ ಹೇಳ್ಬೇಕು, ಬರೀ "ಪರ್ವಾಗಿಲ್ಲ ಡಾಕ್ಟ್ರೇ" ಅಂದ್ರೆ ಆಗಲ್ಲ.

ನಮ್ಗೆ ತಲೆ ಕೆಡಿಸಿದ್ದು ಸ್ಕೂಲಿಂದ ಬರ್ತಿದ್ದ ಎರಡು ಥರದ ಮಾತು. ಮ್ಯಾಥ್ಸ್ ಮಿಸ್ "ತುಂಬಾ ಇಂಪ್ರೂವ್ ಆಗಿದಾನೆ, ಲೆಕ್ಕ ಅರ್ಧಕ್ಕೆ ಬಿಡ್ತಿಲ್ಲ" ಅಂತಾರೆ, ಕನ್ನಡ ಮಿಸ್ "ಮುಂಚೆಗಿಂತ ಜಾಸ್ತಿಯಾಗಿದೆ ಕಣ್ರೀ" ಅಂತಾರೆ. ಇಬ್ರಲ್ಲಿ ಯಾರನ್ನ ನಂಬೋದು? ಆಮೇಲೆ ಟೈಮ್‌ಟೇಬಲ್ ಮುಂದಿಟ್ಕೊಂಡು ನೋಡಿದ್ರೆ ಮ್ಯಾಥ್ಸ್ ಎರಡನೇ ಪೀರಿಯಡ್, ಕನ್ನಡ ಕೊನೇದು. ಸಾದಾ ಮಾತ್ರೆ ಕೆಲ್ಸ ಮಾಡೋದೇ ಹೆಚ್ಚುಕಮ್ಮಿ ನಾಲ್ಕು ಗಂಟೆ, ಎಂಟಕ್ಕೆ ನುಂಗಿದ್ರೆ ಊಟದ ಹೊತ್ತಿಗೆ ಮುಗೀತು, ಇಳಿಯೋ ಹೊತ್ತಲ್ಲಿ ಕೆಲವು ಮಕ್ಕಳಿಗೆ ಸಿಡಿಮಿಡಿ ಇನ್ನೂ ಜಾಸ್ತಿಯಾಗತ್ತೆ, ರೀಬೌಂಡ್ ಅಂತಾರೆ ಅದನ್ನ. ಅಂದ್ರೆ ಇಬ್ರು ಮಿಸ್ಸೂ ನಿಜಾನೇ ಹೇಳ್ತಿದ್ರು. ಡೋಸ್ ಸಾಲ್ತಿಲ್ಲ ಅನ್ನೋದು ಬೇರೆ, ಟೈಮ್ ಸಾಲ್ತಿಲ್ಲ ಅನ್ನೋದು ಬೇರೆ. ಇದನ್ನ ಡಾಕ್ಟ್ರ ಮುಂದೆ ಇಟ್ಮೇಲೇನೇ ನಿಧಾನಕ್ಕೆ ಬಿಡುಗಡೆಯಾಗೋ ಮಾತ್ರೆಗೆ ಬದಲಾಯಿಸಿದ್ದು. ಅದನ್ನ ಜಗೀಬಾರ್ದು, ಪುಡಿ ಮಾಡ್ಬಾರ್ದು, ಇಡೀದಾಗೇ ನುಂಗ್ಬೇಕು.

ಮಧ್ಯೆ ಒಂದ್ಸಲ ಏರಿಸಿದಾಗ ಮನೇಲಿ ಎಲ್ರಿಗೂ ಖುಷಿಯೋ ಖುಷಿ. ಅತ್ತೆ ಅಂತೂ "ನೋಡು, ಬಂಗಾರದಂಥ ಮಗು, ಕೂರಿಸಿದ ಕಡೆ ಕೂತಿದಾನೆ" ಅಂತ ದೃಷ್ಟಿ ತೆಗೆದ್ರು. ನಂಗೆ ಮಾತ್ರ ಹೊಟ್ಟೇಲಿ ಕಸಿವಿಸಿ. ಹಲ್ಲುಜ್ಜುವಾಗ ಬಾಯಿ ತುಂಬಾ ನೊರೆ ಇಟ್ಕೊಂಡೇ ಆರ್‌ಸಿಬಿ ಮ್ಯಾಚ್ ಕಾಮೆಂಟ್ರಿ ಹೇಳೋ ಹುಡುಗ, ಕನ್ನಡಿ ಮೇಲೆಲ್ಲಾ ಬಿಳಿ ಚುಕ್ಕೆ ಮಾಡೋನು, ಅವತ್ತು ಸುಮ್ನೆ ಉಜ್ಜಿ ಬಾಯಿ ಮುಕ್ಕಳಿಸಿ ಬಂದ. ಮಾರನೇ ದಿನಾನೂ ಹಾಗೇ. ಫೋನ್ ಮಾಡಿ ಹೇಳಿದ ತಕ್ಷಣ ಡಾಕ್ಟ್ರು ಹಿಂದಿನ ಡೋಸ್‌ಗೇ ಇಳಿಸಿದ್ರು, ಮಗು ಮಂಕಾದ್ರೆ ಡೋಸ್ ಜಾಸ್ತಿ ಆಗಿರಬಹುದು ಅಂತ. ಮಾತ್ರೆ ಇರೋದು ಅವನಿಗೆ ಗಮನ ಕೊಡೋಕಾಗ್ಲಿ ಅಂತ, ನಮ್ಗೆ ಮನೆ ಶಾಂತವಾಗಿರ್ಲಿ ಅಂತ ಅಲ್ಲ. ಇದನ್ನ ಹಿರಿಯರಿಗೆ ಅರ್ಥ ಮಾಡಿಸೋದು ಎಡಿಎಚ್‌ಡಿಗಿಂತ ಕಷ್ಟ.

ಇನ್ನು ಹಸಿವು. ಮಾತ್ರೆ ನುಂಗಿ ಸ್ವಲ್ಪ ಹೊತ್ತಾದ್ರೆ ಹಸಿವೇ ಸತ್ತೋಗತ್ತೆ, ಅದಕ್ಕೆ ನಮ್ಮನೇಲಿ ಮೊದ್ಲು ಬೆಣ್ಣೆ ಹಾಕಿದ ಎರಡು ದೋಸೆ, ಆಮೇಲೆ ಮಾತ್ರೆ. ಡಬ್ಬಿ ಮುಟ್ಟದೇ ವಾಪಸ್ ಬರತ್ತೆ, ಬೈದು ಪ್ರಯೋಜನ ಇಲ್ಲ, ಬಯ್ಯೋದೂ ಇಲ್ಲ. ರಾತ್ರಿ ಎಂಟೂವರೆಗೆ ಹಸಿವು ಎದ್ಕೊಂಡು ಬರತ್ತೆ ನೋಡಿ, ಅನ್ನ ಸಾರು ಮೊಸರು ಬಾಳೆಹಣ್ಣು ಎಲ್ಲಾ ಒಂದೇ ಉಸಿರಿಗೆ. ಚೆಕಪ್‌ಗೆ ಹೋದಾಗೆಲ್ಲ ಎತ್ತರ, ತೂಕ, ಬಿಪಿ, ಪಲ್ಸ್ ನೋಡ್ತಾರೆ, ನೋಡ್ಲಿಲ್ಲ ಅಂದ್ರೆ ನೀವೇ ಕೇಳಿ.

ಔಷಧಿ ಅಂಗಡಿ ವಿಷ್ಯಾನೂ ಹೇಳ್ಬಿಡ್ತೀನಿ. ನಮ್ಮ ದೇಶದಲ್ಲಿ ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದ್ರೆ ಮಾರಾಟಕ್ಕೆ ಕಟ್ಟುನಿಟ್ಟು ಇರೋ ಪಟ್ಟಿಯದು, ಚೀಟಿ ಎರಡು ಕಾಪಿ ಬೇಕು, ಒಂದನ್ನ ಅಂಗಡಿಯವರು ಎರಡು ವರ್ಷ ಇಟ್ಕೋಬೇಕು, ಮಾರೋಕೆ ಬೇರೆ ಲೈಸೆನ್ಸೇ ಬೇಕು. ಹಾಗಾಗಿ ಬೀದಿ ಕೊನೆ ಮೆಡಿಕಲ್‌ನಲ್ಲಿ ಸಿಗಲ್ಲ. ಒಬ್ರು ಚೀಟಿ ನೋಡಿ, ನನ್ನ ಮುಖ ನೋಡಿ, "ಇದೆಲ್ಲಾ ಮಕ್ಕಳಿಗೆ ಕೊಡ್ತಾರಾ ಮೇಡಂ?" ಅಂದ್ರು. ಕೊಡ್ತಾರೆ ಸಾರ್, ಡಾಕ್ಟ್ರೇ ಬರ್ದಿರೋದು. ಕೊನೇ ಸ್ಟ್ರಿಪ್ ಮುಗಿಯೋವರೆಗೂ ಕಾಯ್ಬೇಡಿ, ಅಷ್ಟೇ.

ನನ್ನ ಅಕ್ಕನ ಮಗಳಿಗೆ ಇದು ಒಗ್ಗಲೇ ಇಲ್ಲ, ನಿದ್ದೆ ಪೂರ್ತಿ ಹೋಯ್ತು, ಅವಳಿಗೆ ಆಟೊಮೊಕ್ಸೆಟಿನ್ ಕೊಟ್ರು. ಅದು ಮಿಥೈಲ್‌ಫೆನಿಡೇಟ್ ಥರ ಸ್ಟಿಮ್ಯುಲೆಂಟ್ (ಮೆದುಳನ್ನ ಚುರುಕು ಮಾಡೋ ಔಷಧಿ) ಅಲ್ಲ, ಅದಕ್ಕೆ ತೂಕದ ಲೆಕ್ಕಾನೇ, ಪೂರ್ತಿ ಪರಿಣಾಮ ಕಾಣೋಕೆ ವಾರಗಟ್ಟಲೆ ಬೇಕು. ಮಿಥೈಲ್‌ಫೆನಿಡೇಟ್ ಕೊಟ್ಟ ದಿನಾನೇ ಏನೋ ಒಂದು ವ್ಯತ್ಯಾಸ ಗೊತ್ತಾಗಬಹುದು, ಇದ್ರಲ್ಲಿ ಹಾಗಿಲ್ಲ. ಎರಡನೇ ವಾರಕ್ಕೇ ಅಕ್ಕ "ದುಡ್ಡು ದಂಡ, ನಿಲ್ಲಿಸ್ಬಿಡ್ತೀನಿ" ಅಂತ ಕೂತಿದ್ಲು, ಭಾವ ತಡೆದ್ರು. ಈಗ ಹುಡುಗಿ ಚೆನ್ನಾಗಿದಾಳೆ.

"ಜೀವಮಾನ ಪೂರ್ತಿ ನುಂಗ್ಬೇಕಾ?" ಅಂತ ಅತ್ತೆ ವಾರಕ್ಕೊಂದ್ಸಲ ಕೇಳ್ತಾರೆ. ಹಾಗೇನಿಲ್ಲ, ವರ್ಷಕ್ಕೊಂದ್ಸಲ ಆದ್ರೂ ಇನ್ನೂ ಬೇಕಾ ಅಂತ ಮತ್ತೆ ನೋಡ್ತಾರಂತೆ. ಬೇಸಿಗೆ ರಜೇಲಿ ಸ್ವಲ್ಪ ದಿನ ಬಿಟ್ಟು ನೋಡೋಣ ಅಂದಿದಾರೆ ನಮ್ಮ ಡಾಕ್ಟ್ರು, ಏನಾಯ್ತು ಅಂತ ಆಗ ಬರೀತೀನಿ.