ಮುರಕಲ್ಲು ಮೂರರಲ್ಲಿ ಯಾವುದು?

ನನ್ನ ತಂಗಿ ಎಂಟನೇ ಕ್ಲಾಸು. ಸೋಮವಾರ ಅವಳಿಗೆ ಸಮಾಜ ಪಿರಿಯಡ್‌ನಲ್ಲಿ ಶಿಲಾಗೋಳದ ಪಾಠ. ಶಿಲೆಗಳಲ್ಲಿ ಮೂರು ವಿಧ: ಅಗ್ನಿಶಿಲೆ, ಪದರು ಶಿಲೆ, ರೂಪಾಂತರ ಶಿಲೆ. ಟೀಚರ್ ಬೋರ್ಡಿನಲ್ಲಿ ಉದಾಹರಣೆಗಳನ್ನೂ ಬರೆದಿದ್ದಾರೆ. ಗ್ರಾನೈಟ್, ಬಸಾಲ್ಟ್. ಮರಳುಗಲ್ಲು, ಸುಣ್ಣದ ಕಲ್ಲು. ಅಮೃತಶಿಲೆ, ಸ್ಲೇಟು. ಇವಳು ಎದ್ದು ನಿಂತು ಕೇಳಿದ್ದಾಳೆ: "ಟೀಚರ್, ಮುರಕಲ್ಲು ಈ ಮೂರರಲ್ಲಿ ಯಾವುದು?" ಮುರಕಲ್ಲು ಅಂದರೆ ನಮ್ಮ ಕರಾವಳಿಯ ತೂತು ತೂತಾದ ಕೆಂಪು ಕಲ್ಲು, ಪುಸ್ತಕದ ಭಾಷೆಯಲ್ಲಿ ಜಂಬಿಟ್ಟಿಗೆ.

ಕ್ಲಾಸು ನಕ್ಕಿತಂತೆ. ಟೀಚರ್ ಒಂದು ಗಳಿಗೆ ಸುಮ್ಮನಿದ್ದು, "ಅದು ಮಣ್ಣಿನ ಪಾಠದಲ್ಲಿ ಬರ್ತದೆ, ಮುಂದಿನ ಕ್ಲಾಸುಗಳಲ್ಲಿ. ಈಗ ಕೂತ್ಕೊ" ಅಂದರಂತೆ.

ಆದದ್ದು ಇಷ್ಟೇ. ಆದರೆ ವಾರ ಇಡೀ ಈ ಪ್ರಶ್ನೆ ನಮ್ಮ ಮನೆಯಲ್ಲಿ ತಿರುಗಾಡುತ್ತಿದೆ. ಮಂಗಳೂರಿನಲ್ಲಿ ಹುಟ್ಟಿದ ಮಗು ಬಸಾಲ್ಟ್ ನೋಡದೆ ದೊಡ್ಡದಾಗಬಹುದು, ಮುರಕಲ್ಲು ನೋಡದೆ ಆಗಲಿಕ್ಕೆ ಸಾಧ್ಯವೇ ಇಲ್ಲ. ನಮ್ಮ ಮನೆಯ ಗೋಡೆ ಅದು. ಬಾವಿಯ ಕಟ್ಟೆ ಅದು. ಶಾಲೆಯ ಕಾಂಪೌಂಡು ಕೂಡ ಅದೇ. ಅವಳು ನಿಂತು ಪ್ರಶ್ನೆ ಕೇಳಿದ ಕೋಣೆಯ ಗೋಡೆಯ ಸಿಮೆಂಟು ಕೆರೆದರೆ ಅಲ್ಲಿ ಸಿಗುವುದೂ ಅದೇ. ಹಾಗಿದ್ದೂ ಮೂರು ವಿಧದ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಅಮ್ಮನಿಗೆ ಟೀಚರ್ ಮೇಲೆ ಸಿಟ್ಟು. "ಮಗು ಕೇಳಿದ್ದಕ್ಕೆ ಉತ್ತರ ಹೇಳ್ಲಿಕ್ಕೆ ಇವರಿಗೆ ಎಂತ ಕಷ್ಟ?" ನನಗೆ ಸಿಟ್ಟು ಬರಲಿಲ್ಲ. ನನಗೂ ಕಲಿಸಿದ್ದು ಅದೇ ಟೀಚರ್. ಅವರು ಓದಿದ್ದು ಇತಿಹಾಸ. ಹೊಯ್ಸಳರ ಪಾಠ ಮಾಡುವಾಗ ಅವರ ಸ್ವರವೇ ಬೇರೆ. ಆದರೆ ಸಮಾಜ ಅಂದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲ ಸೇರಿ ಒಂದೇ ವಿಷಯ, ಅದನ್ನು ಹೊರುವುದು ಒಬ್ಬರೇ. ಅಂಥವರು ಮುರಕಲ್ಲಿನ ಬಗ್ಗೆ ಥಟ್ಟನೆ ಹೇಳಬೇಕು ಅಂದರೆ ಅದು ಅನ್ಯಾಯ. ಇನ್ನೊಂದು ವಿಷಯ. ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ನಮ್ಮ ಪುಸ್ತಕ ಅದನ್ನು ಹಾಕಿರುವುದು ಮಣ್ಣುಗಳ ಪಾಠದಲ್ಲೇ. ಜಂಬಿಟ್ಟಿಗೆ ಮಣ್ಣು ಅಂತ ಓದಿ, ಅದರಲ್ಲಿ ಬೆಳೆಯುವ ಬೆಳೆಗಳ ಹೆಸರು ಬರೆದು, ನಾನೂ ಮಾರ್ಕು ತೆಗೆದಿದ್ದೇನೆ.

ನನಗೆ ಬೇಜಾರಾದದ್ದು ಬೇರೆ ವಿಷಯಕ್ಕೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಇಂಥ ಒಂದು ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲ. ಭೂಮಿಯ ಒಳರಚನೆಯ ಚಿತ್ರ ಬಿಡಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಹೊರಗೆ ಕಂದು, ಮಧ್ಯೆ ಕೇಸರಿ, ಒಳಗೆ ಕೆಂಪು. ತ್ರಿಜ್ಯ 6,371 ಕಿಲೋಮೀಟರ್. ಪದರಗಳಿಗೆ ಸಿಯಾಲ್, ಸೀಮಾ, ನಿಫೆ ಅಂತ ಹೆಸರು. ಬಣ್ಣ ಗೆರೆ ದಾಟಿದರೆ ಟೀಚರ್ ಬಯ್ಯುತ್ತಿದ್ದರು. ಅಷ್ಟು ಆಳದಲ್ಲಿ ಏನಿದೆ ಅಂತ ಗೊತ್ತಾದದ್ದಾದರೂ ಹೇಗೆ, ಯಾರು ಹೋಗಿ ನೋಡಿದರು? ಕ್ಲಾಸಿನಲ್ಲಿ ಈ ಮಾತು ಏಳಲೇ ಇಲ್ಲ. ರಷ್ಯಾದ ಕೋಲಾದಲ್ಲಿ ಮನುಷ್ಯರು ಕಷ್ಟಪಟ್ಟು ಕೊರೆದ ತೂತು 12 ಕಿಲೋಮೀಟರ್ ಚಿಲ್ಲರೆ, ಅಲ್ಲಿಗೆ ಮುಗಿಯಿತು. ಒಳಗೆ ಗಟ್ಟಿ ತಿರುಳು ಉಂಟು ಅಂತ 1936ರಲ್ಲಿ ತೋರಿಸಿದ್ದು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಹೆಂಗಸು. ಅದೂ ಎಲ್ಲೋ ಆದ ಭೂಕಂಪದ ಅಲೆಗಳು ಇನ್ನೆಲ್ಲೋ ಹೇಗೆ ಬಂದು ತಲುಪಿದವು ಅಂತ ಕೂತು ನೋಡಿ. ಇದನ್ನು ನಾನು ಆಮೇಲೆ ನನ್ನಷ್ಟಕ್ಕೆ ಓದಿದ್ದು. ಓದಿದಾಗ ಕೇಸರಿ ಬಣ್ಣದ ಆ ಚಿತ್ರದ ಮೇಲೆ ಮೊದಲ ಸಲ ಗೌರವ ಬಂತು.

ಹೊರಗೆ ಹೋಗಿ ಕಲಿತದ್ದು ಅಂದರೆ ಮಲ್ಪೆಯ ಸೈಂಟ್ ಮೇರೀಸ್ ದ್ವೀಪ ಒಂದೇ. ನಮ್ಮ ಅಗ್ನಿಶಿಲೆ ಅಭಿಮಾನಕ್ಕೆ ಅದು ಸಾಕು ಬಿಡಿ. ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ತಣಿಯುತ್ತಾ ಕುಗ್ಗಿ, ಬಿರುಕು ಬಿಟ್ಟು, ಆರು ಮೂಲೆಯ ಕಂಬಗಳಾದದ್ದು. ನಾವು ಅದರ ಮೇಲೆ ಹತ್ತಿ ಫೋಟೋ ತೆಗೆದು, ಚುರುಮುರಿ ತಿಂದು ಬಂದೆವು. ಎಲ್ಲರೂ ಅದನ್ನು ಬಸಾಲ್ಟ್ ಅಂತಲೇ ಹೇಳುತ್ತಾರೆ. ಪರೀಕ್ಷೆ ಮಾಡಿದವರ ಪ್ರಕಾರ ಅದರಲ್ಲಿ ಸಿಲಿಕಾ ಜಾಸ್ತಿ, ಬಸಾಲ್ಟಿಗಿಂತ ಬೇರೆ ಜಾತಿಯ ಲಾವಾ. ಅಂದರೆ ಅಭಿಮಾನದ ಕಲ್ಲು ಕೂಡ ಪಟ್ಟಿಗೆ ಸರಿಯಾಗಿ ಕೂರುವುದಿಲ್ಲ.

ಬುಧವಾರ ಮಳೆ ರಜೆ. ಕರಾವಳಿಯ ಮಕ್ಕಳು ಶ್ರದ್ಧೆಯಿಂದ ಓದುವ ಭೂಮಿಯ ಪಾಠ ಅಂದರೆ ಡಿಸಿ ಆದೇಶ ಮಾತ್ರ. 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಬಿದ್ದರೆ ಅತಿ ಹೆಚ್ಚು ಭಾರಿ ಮಳೆ ಅಂತ ನನ್ನ ತಂಗಿಗೆ ದಶಮಾಂಶದ ಸಮೇತ ಗೊತ್ತುಂಟು. ಯಾಕೆಂದರೆ ರೆಡ್ ಅಲರ್ಟ್ ಅಂದರೆ ರಜೆ ಬಹುತೇಕ ಗ್ಯಾರಂಟಿ.

ಆ ದಿನ ಬೆಳಿಗ್ಗೆ ಪಕ್ಕದ ಮಾವನ ಮನೆಯ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಜರಿಯಿತು. ಕಾರು ನಿಲ್ಲಿಸಲಿಕ್ಕೆ ಅಂತ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಗುಡ್ಡವನ್ನು ನೆಟ್ಟಗೆ ಕಡಿಸಿದ್ದರು. ಯಾರಿಗೂ ಏನೂ ಆಗಲಿಲ್ಲ, ಸ್ಕೂಟರ್ ಶೆಡ್ಡಿನ ಶೀಟು ಹೋಯಿತು. ಮಾವ ಒಳ್ಳೆಯವರು, ಕಷ್ಟಕ್ಕೆ ಮೊದಲು ಓಡಿ ಬರುವವರು. ಆದರೆ ಗುಡ್ಡ ಕಂಡರೆ ಅವರಿಗೆ ಕಾಣುವುದು ಲೋಡು ಮಾತ್ರ. ಎಷ್ಟು ಲೋಡು ಮಣ್ಣು, ಎಷ್ಟು ಲೋಡು ಕಲ್ಲು.

ನೋಡಲಿಕ್ಕೆ ಬಂದ ಮೇಸ್ತ್ರಿ ವಯಸ್ಸಾದವರು, ಮೊದಲು ಕೋರೆಯಲ್ಲಿ ಕೈಯಲ್ಲೇ ಕಲ್ಲು ಕಡಿಯುತ್ತಿದ್ದವರು. ನನ್ನ ತಂಗಿ ಕೊಡೆ ಹಿಡಿದು ಅವರ ಹಿಂದೆಯೇ ಹೋಗಿ ಅದೇ ಪ್ರಶ್ನೆ ಕೇಳಿದಳು. ಮುರಕಲ್ಲು ಮೂರರಲ್ಲಿ ಯಾವುದು? ಅವರು ಅವಳ ಮುಖ ನೋಡಲೂ ಇಲ್ಲ. "ಕಡಿಯುವಾಗ ಮಣ್ಣು, ಗಾಳಿಗೆ ಇಟ್ಟ ಮೇಲೆ ಕಲ್ಲು. ನೀನು ಆಚೆ ಹೋಗು ಮಗಾ, ಮೇಲಿನದ್ದು ಇನ್ನೂ ಬೀಳ್ತದೆ." ಮತ್ತೆ ಮಾವನಿಗೆ ಬರೆಯ ಬುಡ ತೋರಿಸಿದರು. ಮೇಲೆ ತೂತು ತೂತಾದ ಕೆಂಪು ಕಲ್ಲು. ಕೆಳಗೆ ಬಿಳಿ, ಅಲ್ಲಲ್ಲಿ ಗುಲಾಬಿ ಬಣ್ಣದ ನುಣ್ಣಗಿನ ಮಣ್ಣು, ಹಾಲು ಚೆಲ್ಲಿದ ಹಾಗೆ ನೀರಿನ ಜೊತೆ ಇಳಿಯುತ್ತಿತ್ತು. "ಇದು ಶೇಡಿ. ಒಣಗಿದ್ದಾಗ ಪಿಕ್ಕಾಸು ಹಾಕಿದರೂ ಏಳುವುದಿಲ್ಲ. ನೀರು ಕುಡಿದರೆ ನಿಲ್ಲುವುದಿಲ್ಲ."

ರಾತ್ರಿ ನಾನು ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಫೋನ್ ಮಾಡಿದೆ. ಅವರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಓದಿದವರು. ಇಷ್ಟು ಹತ್ತಿರದಲ್ಲಿ ಅಂಥದ್ದೊಂದು ವಿಭಾಗ ಉಂಟು ಅಂತ ನನ್ನ ಕ್ಲಾಸಿನ ಅರ್ಧ ಮಕ್ಕಳಿಗೆ ಗೊತ್ತಿಲ್ಲ. ತಂಗಿಯ ಪ್ರಶ್ನೆ ಹೇಳಿದೆ. ಅವರು ನಕ್ಕು, "ಮೂರರಲ್ಲಿ ಒಂದರಲ್ಲಿ ಇರಲೇಬೇಕು ಅಂತ ಯಾರು ಹೇಳಿದ್ದು ಮಾರಾಯ್ತಿ?" ಅಂದರು.

ಅವರು ವಿವರಿಸಿದ್ದು ಹೀಗೆ. ನಮ್ಮ ಗುಡ್ಡಗಳ ತಳದಲ್ಲಿ ಇರುವುದು ತುಂಬ ಹಳೆಯ ಗಟ್ಟಿ ಬಂಡೆ, ಗ್ರಾನೈಟು, ಮತ್ತೆ ನೈಸು ಎಂಬ ರೂಪಾಂತರ ಶಿಲೆ. ಅದು ಮೂರು ವಿಧದೊಳಗೆ ಬರುತ್ತದೆ. ಅದರ ಮೇಲೆ ಲಕ್ಷಾಂತರ ವರ್ಷ ಮಳೆ, ಬಿಸಿಲು, ಮಳೆ, ಬಿಸಿಲು. ನೀರು ಬಂಡೆಯೊಳಗೆ ಇಳಿದು ಕರಗುವುದನ್ನೆಲ್ಲ ಕರಗಿಸಿಕೊಂಡು ಹೋಗುತ್ತದೆ. ಸುಣ್ಣ, ಸೋಡಿಯಂ, ಪೊಟ್ಯಾಸಿಯಂ, ನಿಧಾನವಾಗಿ ಸಿಲಿಕಾ ಕೂಡ. ಕಷಾಯ ಸೋಸಿದ ಮೇಲೆ ಉಳಿಯುವ ಚರಟದ ಹಾಗೆ ಕಬ್ಬಿಣ, ಅಲ್ಯುಮಿನಿಯಂ ಮೇಲೆ ಉಳಿಯುತ್ತವೆ. ಅದೇ ಮುರಕಲ್ಲು. ಕಬ್ಬಿಣಕ್ಕೆ ತುಕ್ಕು ಹಿಡಿದದ್ದರಿಂದ ಆ ಕೆಂಪು. ಅದರ ಕೆಳಗೆ, ಗಟ್ಟಿ ಬಂಡೆ ಸಿಗುವ ಮೊದಲು, ಬಂಡೆ ಕೊಳೆತು ಜೇಡಿಯಾದ ಪದರ ಒಂದುಂಟು. ಅದೇ ಮೇಸ್ತ್ರಿ ತೋರಿಸಿದ ಶೇಡಿ. ಮಳೆ ನೀರು ಮುರಕಲ್ಲಿನ ತೂತುಗಳಲ್ಲಿ ಸುಲಭವಾಗಿ ಇಳಿಯುತ್ತದೆ, ಶೇಡಿಯ ಹತ್ತಿರ ಬಂದು ತಡೆಯುತ್ತದೆ. ಗುಡ್ಡವನ್ನು ನೆಟ್ಟಗೆ ಶೇಡಿಯವರೆಗೆ ಕಡಿದರೆ ಅದು ನೆನೆದು ಜಾರುತ್ತದೆ. ಆಗ ಮೇಲಿನ ಗಟ್ಟಿ ಕಲ್ಲಿಗೆ ಕೆಳಗೆ ಆಧಾರವೇ ಇರುವುದಿಲ್ಲ.

ಮೇಸ್ತ್ರಿಗೆ ಗೊತ್ತಿದ್ದದ್ದು, ಅಕ್ಕನಿಗೆ ಗೊತ್ತಿದ್ದದ್ದು ಎರಡೂ ಒಂದೇ ಬರೆಯ ವಿಷಯ. ಒಬ್ಬರಿಗೆ ಅದು ಯಾವಾಗ ಬೀಳುತ್ತದೆ ಅಂತ ಗೊತ್ತು, ಇನ್ನೊಬ್ಬರಿಗೆ ಯಾಕೆ ಅಂತ. ಇಬ್ಬರೂ ಒಂದೇ ಊರಿನಲ್ಲಿದ್ದಾರೆ. ಜೆಸಿಬಿ ಬರುವ ಮೊದಲು ಮಾವ ಇಬ್ಬರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕೇಳಬೇಕು ಅಂತ ಅವರಿಗೆ ಹೊಳೆಯಲೂ ಇಲ್ಲ. ಮಾವ ಓದಿಲ್ಲದವರೇನಲ್ಲ, ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರು. ಇಲ್ಲಿ ಮಾವನನ್ನು ಮಾತ್ರ ಬೈದು ಪ್ರಯೋಜನ ಇಲ್ಲ ಅಂತ ಕಾಣುತ್ತದೆ.

ಭೂಕುಸಿತ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಉಂಟು. ನೈಸರ್ಗಿಕ ಕಾರಣ, ಮಾನವ ಕಾರಣ, ಪರಿಣಾಮ, ಮುಂಜಾಗ್ರತೆ. ಬಾಯಿಪಾಠ ಮಾಡಿದರೆ ಮಾರ್ಕು ಸಿಕ್ಕೇ ಸಿಗುತ್ತದೆ. ಓದುವಾಗ ಕಣ್ಣ ಮುಂದೆ ಬರುವುದು ಹಿಮಾಲಯ. 2019ರ ಆಗಸ್ಟಿನಲ್ಲಿ ಪಡೀಲು-ಕುಲಶೇಖರ ಮಧ್ಯೆ ಹಳಿಯ ಮೇಲೆ ಗುಡ್ಡ ಜರಿದು ರೈಲುಗಳು ನಿಂತಿದ್ದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದು ಜನ ಸತ್ತರು, ಲಾರಿ ಹುಡುಕುವುದನ್ನು ನಾವೆಲ್ಲ ದಿನಾ ಟಿವಿಯಲ್ಲಿ ನೋಡಿದೆವು. ಆಗಲೂ ಯಾವ ಕ್ಲಾಸಿನಲ್ಲೂ ಪುಸ್ತಕದ ಆ ಪುಟ ತೆಗೆದು "ಇದೇ ಅದು" ಅಂತ ಯಾರೂ ಹೇಳಿದ್ದು ನನಗೆ ಗೊತ್ತಿಲ್ಲ. ಪಠ್ಯಕ್ರಮದ ಪ್ರಕಾರ ಆ ಪಾಠಕ್ಕೆ ಇನ್ನೂ ಸಮಯ ಇತ್ತೇನೋ.

ಹತ್ತನೆಯದು ಮುಗಿದ ಮೇಲಂತೂ ಭೂಮಿ ನಮ್ಮ ಪುಸ್ತಕದಿಂದಲೇ ಹೋಗುತ್ತದೆ. ನಾನು ಈಗ ದ್ವಿತೀಯ ಪಿಯುಸಿ, ಪಿಸಿಎಂಬಿ. ಭೂಗರ್ಭಶಾಸ್ತ್ರ ಅಂತ ಪಿಯುಸಿಯಲ್ಲಿ ಒಂದು ವಿಷಯ ಉಂಟು, ಆದರೆ ನಮ್ಮ ಕಾಲೇಜಿನಲ್ಲಿ ಇಲ್ಲ. ಕೇಳುವವರೂ ಇಲ್ಲ. ನೀಟ್, ಸಿಇಟಿಗೆ ಬಾರದ್ದನ್ನು ಓದುವ ಮಗುವನ್ನು ಮನೆಯಲ್ಲಿ ಸಂಶಯದಿಂದ ನೋಡುತ್ತಾರೆ. ಕಳೆದ ವರ್ಷ ನಾನು ಸುಮ್ನೆ ಆಸೆಯಿಂದ ಹೇಳಿದಾಗ ಅಪ್ಪ, "ಕಲ್ಲು ಓದಿ ಎಂತ ಮಾಡುವುದು?" ಅಂದಿದ್ದರು. ಬುಧವಾರ ಅವರೇ ಟಾರ್ಚ್ ಹಿಡಿದು ನಮ್ಮ ಮನೆಯ ಹಿಂದಿನ ಬರೆಯಲ್ಲೂ ಬಿಳಿ ಮಣ್ಣು ಕಾಣುತ್ತದಾ ಅಂತ ನೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ. ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು.

ಒಂದು ವಿಷಯ ಯೋಚಿಸಿದರೆ ಮಾತ್ರ ನಗು ಬರುತ್ತದೆ. ಈ ಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಅಂತ ಹೆಸರು ಸಿಕ್ಕಿದ್ದು ಇಲ್ಲೇ, ಪಕ್ಕದ ಮಲಬಾರಿನಲ್ಲಿ. ಫ್ರಾನ್ಸಿಸ್ ಬುಕಾನನ್ ಅಂತ ಒಬ್ಬ ಸ್ಕಾಟಿಷ್ ವೈದ್ಯ, ಟಿಪ್ಪು ಸತ್ತ ಮೇಲೆ ಕಂಪನಿಯವರು ದೇಶ ನೋಡಿ ಬಾ ಅಂತ ಕಳಿಸಿದವ, ಅಂಗಾಡಿಪುರಂನಲ್ಲಿ ಜನ ಇದನ್ನು ಕಬ್ಬಿಣದ ಹತಾರದಲ್ಲಿ ಸುಲಭವಾಗಿ ಕಡಿಯುವುದನ್ನೂ, ಗಾಳಿಗೆ ಬಿಟ್ಟರೆ ಗಟ್ಟಿಯಾಗುವುದನ್ನೂ ನೋಡಿ ಬರೆದುಕೊಂಡ. ಅಚ್ಚಾದದ್ದು 1807ರಲ್ಲಿ. ಅಂದರೆ ಅವನು ಬರೆದದ್ದು ಮೇಸ್ತ್ರಿ ಮಳೆಯಲ್ಲಿ ನಿಂತು ಹೇಳಿದ ಮಾತನ್ನೇ. ಈಗ ಅಂಗಾಡಿಪುರಂನಲ್ಲಿ ಆ ಕಲ್ಲಿಗೆ ರಾಷ್ಟ್ರೀಯ ಸ್ಮಾರಕ ಉಂಟು. ಮೇಸ್ತ್ರಿಗೆ ಅರ್ಧ ದಿನದ ಕೂಲಿ ಕೊಡುವುದಾ ಪೂರ್ತಿ ಕೊಡುವುದಾ ಅಂತ ಮಾವ ಲೆಕ್ಕ ಹಾಕುತ್ತಿದ್ದರು.

ಮಂಗಳವಾರ ತಂಗಿಗೆ ಯೂನಿಟ್ ಟೆಸ್ಟ್. "ಮೂರು ಬರೀಲಾ, ನಾಲ್ಕು ಬರೀಲಾ?" ಅಂತ ಕೇಳಿದಳು. ಮೂರೇ ಬರಿ ಅಂದೆ. ಅವಳಿಗೆ ನನ್ನ ಮೇಲೆ ಬೇಜಾರು. ಶೇಡಿಯ ಒಂದು ಉಂಡೆ ಒಣಗಿಸಿ ಕಿಟಕಿಯಲ್ಲಿ ಇಟ್ಟಿದ್ದಾಳೆ, ದಿನಾ ಒಂದು ಚೂರು ಮುರಿದು ಲೋಟದ ನೀರಿಗೆ ಹಾಕಿ ಕರಗುವುದನ್ನು ನೋಡುತ್ತಾಳೆ. ಅಮ್ಮನಿಗೆ ಲೋಟದ ಚಿಂತೆ.

ಈಗ ನಡೆಯುತ್ತಿರುವುದು ಗೋಡೆಯ ಜಗಳ. ಬರೆಗೆ ಅಡ್ಡ ಕಪ್ಪು ಕಲ್ಲಿನ ಗೋಡೆ ಕಟ್ಟುವುದು ಅಂತ ತೀರ್ಮಾನ ಆಗಿದೆ. ಮೇಸ್ತ್ರಿ ಗೋಡೆಯ ಮಧ್ಯೆ ಮಧ್ಯೆ ಪೈಪು ಬಿಡಬೇಕು ಅನ್ನುತ್ತಾರೆ, ಇಲ್ಲದಿದ್ದರೆ ಹಿಂದೆ ನಿಂತ ನೀರು ಗೋಡೆಯನ್ನೇ ದೂಡುತ್ತದೆ. ಮಾವನಿಗೆ ಪೈಪು ಬೇಡ. "ಆ ಕೆಸರು ನೀರೆಲ್ಲ ನನ್ನ ಅಂಗಳಕ್ಕೆ ಬರ್ತದಲ್ವಾ?"

"ಬರ್ಲಿ ಮಾವ, ಚರಂಡಿ ಮಾಡಿ" ಅಂದಳು ತಂಗಿ.

ಮಾವ ಅವಳನ್ನು ನೋಡಿ, ಮೇಸ್ತ್ರಿಯನ್ನು ನೋಡಿ, ಚರಂಡಿಗೆ ಎಷ್ಟು ಲೋಡು ಜಲ್ಲಿ ಬೇಕಾಗ್ತದೆ ಅಂತ ಕೇಳಿದರು.